ಎರೆನೆಲದಿಂದ ಕಡಲ ತಡಿಗೆ

ನರಗುಂದದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ದೂರದ ಪಂಜಾಬಿನ ಸಂಗ್ರೂರಿನಿಂದ ಹೊರಡುತ್ತದೆ. ಸೊಲ್ಲಾಪುರ, ವಿಜಯಪುರ ದಾಟಿ ನರಗುಂದ, ನವಲಗುಂದದ ಎರೆಹೊಲಗಳ ನಡುವೆ ಸಾಗಿ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಘಟ್ಟ ಇಳಿದು ಅಂಕೋಲಾದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಇರುವುದು ಅರಬ್ಬೀ ಸಮುದ್ರ. ನರಗುಂದದ ಬಸ್ ನಿಲ್ದಾಣದಿಂದ ಈ ದೂರ 200 ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಆದರೂ ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಹತ್ತನೆಯ ತರಗತಿ ಮುಗಿಸುವವರೆಗೂ ಕಡಲನ್ನು ಕಣ್ಣಾರೆ ಕಾಣದ ಮಕ್ಕಳು ಬೇಕಾದಷ್ಟಿದ್ದಾರೆ. ‘ಅವ್ವಾ, ಸಮುದ್ರಕ್ಕ ಆಚಿ ದಂಡಿ ಇರತೈತೇನ?’ ಎಂದು ಕೇಳುವ ಮಗುವಿಗೆ ಉತ್ತರಿಸುವ ತಾಯಿಯೂ ಎಷ್ಟೋ ಸಲ ಅದನ್ನು ನೋಡಿದವಳಲ್ಲ.

ಹೀಗಾಗಿ ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ‘ಗೋಕರ್ಣ, ಮುರ್ಡೇಶ್ವರ’ ಎಂಬ ಎರಡು ಹೆಸರು ತಪ್ಪದೆ ಕೇಳಿಬರುತ್ತವೆ. ಹಣ ಸೇರುತ್ತದೆ, ಬಸ್ಸು ಗೊತ್ತಾಗುತ್ತದೆ, ಮಕ್ಕಳು ರಾತ್ರಿಯಿಡೀ ನಿದ್ದೆಗೆಟ್ಟು ಹೋಗಿ, ಒಂದೇ ದಿನದಲ್ಲಿ ಐದಾರು ಊರು ಓಡೋಡಿ ನೋಡಿ, ಮತ್ತೆ ನಿದ್ದೆಗೆಟ್ಟು ಮರಳುತ್ತಾರೆ. ಕೈಯಲ್ಲಿ ಒಂದಷ್ಟು ಫೋಟೋ, ಒಂದು ಶಂಖದ ಹಾರ. ಕೆಲವೊಮ್ಮೆ ಅಷ್ಟೂ ಉಳಿಯುವುದಿಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರವೂ ರೋಣದ ಹಾಗೆ ಒಣಭೂಮಿಯ ಸೀಮೆಯೇ. ಕಡಲಿನ ಗುಣ ಅರಿಯದ ಮಕ್ಕಳು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ.

ಹಾಗೆಂದು ಪ್ರವಾಸವನ್ನೇ ಬಿಡುವುದು ಪರಿಹಾರವಲ್ಲ. ಕಡಲನ್ನೂ ಕರಾವಳಿಯ ಸಂಸ್ಕೃತಿಯನ್ನೂ ಜೊತೆಯಾಗಿ ಕಾಣುವ ನಾಲ್ಕು ದಿನದ ಪ್ರವಾಸ ಮಕ್ಕಳಿಗೆ ಬೇಕೇ ಬೇಕು. ಆದರೆ ಅದರ ಅರ್ಧ ಭಾಗ ಬಸ್ಸು ಹತ್ತುವ ಮುನ್ನವೇ ಮುಗಿದಿರಬೇಕು. ಯಾವಾಗ ಹೋಗಬೇಕು, ಏನನ್ನು ನೋಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮಕ್ಕಳೇ ಕೂತು ಲೆಕ್ಕ ಹಾಕಿದರೆ ಆ ಲೆಕ್ಕವೇ ಮೊದಲ ಪಾಠ.

ಗೋಡೆಯ ಪಂಚಾಂಗವೇ ಗುರು

ಮೊದಲ ಪ್ರಶ್ನೆ ದಿನಾಂಕದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡೆ ತಲೆ ಹಾಕಬಾರದು. ಗದಗ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಆದರೆ ಅಂಕೋಲಾ, ಹೊನ್ನಾವರದ ಕಡೆ 3,000 ಮಿಲಿಮೀಟರ್ ಮೀರುತ್ತದೆ, ಅದೂ ಬಹುಪಾಲು ಈ ನಾಲ್ಕು ತಿಂಗಳಲ್ಲಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿದ್ದನ್ನು ಯಾರೂ ಮರೆತಿಲ್ಲ. ಕಡಲನ್ನೇ ನಂಬಿದ ಮೀನುಗಾರರ ಯಾಂತ್ರಿಕ ದೋಣಿಗಳೂ ಜೂನ್, ಜುಲೈನಲ್ಲಿ ದಡದಲ್ಲಿ ನಿಂತಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಿಂತ ಸೆಕೆ ಹೆಚ್ಚು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಒಣಗಾಳಿಗೆ ಹೊಂದಿಕೊಂಡ ಗದಗ ಸೀಮೆಯ ಮೈಗೆ ಇದು ಬಲು ಕಷ್ಟ.

ಉಳಿದದ್ದು ದೀಪಾವಳಿಯಿಂದ ಫೆಬ್ರವರಿವರೆಗಿನ ಕಾಲ. ಇಲ್ಲಿ ಒಕ್ಕಲುತನದ ಲೆಕ್ಕವೂ ಸೇರಬೇಕು. ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತಿ ಮುಗಿದಿರುತ್ತದೆ. ಕಡಲೆ ಕೀಳುವ ಕೆಲಸ ಜನವರಿಯ ಹೊತ್ತಿಗೆ ಶುರುವಾಗುತ್ತದೆ. ನಡುವೆ ಸಿಗುವ ಡಿಸೆಂಬರಿನ ಮೊದಲ ಎರಡು ವಾರಗಳೇ ರೈತ ಕುಟುಂಬಕ್ಕೆ ಬಿಡುವಿನ ಕಾಲ.

ಇನ್ನು ತಿಥಿ. ಅಮಾವಾಸ್ಯೆ, ಹುಣ್ಣಿಮೆಯಂದು ಸೂರ್ಯ, ಚಂದ್ರ, ಭೂಮಿ ಸರಿಸುಮಾರು ಒಂದೇ ಸಾಲಿನಲ್ಲಿರುತ್ತವೆ. ಎರಡರ ಸೆಳೆತವೂ ಕೂಡಿ ಆ ದಿನಗಳ ಆಸುಪಾಸು ಸಮುದ್ರದ ಉಬ್ಬರ ಇಳಿತಗಳು ದೊಡ್ಡವಾಗುತ್ತವೆ. ಅಷ್ಟಮಿಯ ಹೊತ್ತಿಗೆ ಎರಡೂ ಅಡ್ಡಡ್ಡ ಎಳೆಯುವುದರಿಂದ ಉಬ್ಬರ ಸಣ್ಣದಾಗುತ್ತದೆ. ಮಕ್ಕಳನ್ನು ಕರೆದೊಯ್ಯಲು ಅಷ್ಟಮಿಯ ಆಚೀಚಿನ ದಿನಗಳು ಹೆಚ್ಚು ಅನುಕೂಲ.

ಕಾರವಾರದ ಕಡೆ ದೊಡ್ಡ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಕ್ರಿಕೆಟ್‌ನಿಂದ ಮಕ್ಕಳಿಗೆಲ್ಲ ಪರಿಚಿತವಾದ ವೆಸ್ಟ್ ಇಂಡೀಸ್ ದ್ವೀಪಗಳಿಗೂ ಲೋಕದ ಜನ ಕಡಲು, ಕುಣಿತ, ಸಂಗೀತವೆಂದು ಹೋಗುತ್ತಾರೆ. ಅಲ್ಲಿನ ಕೆರಿಬಿಯನ್ ಸಮುದ್ರದ ಬಹುಭಾಗದಲ್ಲಿ ಈ ವ್ಯತ್ಯಾಸ ಅರ್ಧ ಮೀಟರಿಗೂ ಕಡಿಮೆ. ಒಂದೂವರೆ ಮೀಟರ್ ಎಂದರೆ ಅಷ್ಟೇನು ಎನಿಸಬಹುದು. ತೀರದ ಇಳಿಜಾರು ಐವತ್ತು ಮೀಟರಿಗೆ ಒಂದು ಮೀಟರ್ ಇದ್ದರೆ ನೀರಿನ ಅಂಚು ಎಷ್ಟು ಹಿಂದೆ ಮುಂದೆ ಸರಿಯುತ್ತದೆ ಎಂದು ಎಂಟನೆಯ ತರಗತಿಯ ಹುಡುಗಿಯನ್ನು ಕೇಳಿ. 75 ಮೀಟರ್ ಎನ್ನುತ್ತಾಳೆ. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗ ಮಧ್ಯಾಹ್ನ ನೀರಿನೊಳಗಿರುವುದು ಇದಕ್ಕೇ.

ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ಸುಮಾರು 12 ಗಂಟೆ 25 ನಿಮಿಷ. ತಲುಪಿದ ದಿನ ಮೀನುಗಾರರನ್ನು ಒಮ್ಮೆ ಕೇಳಿದರೆ ಸಾಕು. ಇಂದು ಬೆಳಿಗ್ಗೆ 10 ಗಂಟೆಗೆ ಉಬ್ಬರವಾದರೆ ಸಂಜೆ ನಾಲ್ಕರ ಸುಮಾರಿಗೆ ಇಳಿತ, ನಾಳೆ 10 ಗಂಟೆ 50 ನಿಮಿಷಕ್ಕೆ ಮತ್ತೆ ಉಬ್ಬರ. ಉಳಿದ ದಿನಗಳ ಪಟ್ಟಿಯನ್ನು ಮಕ್ಕಳೇ ಬರೆದುಕೊಳ್ಳಬಹುದು.

ಮೊದಲ ದಿನ ಊರಲ್ಲೇ

ಕರಾವಳಿಗೆ ಹೊರಡುವ ಮುನ್ನ ಒಂದು ಭಾನುವಾರವನ್ನು ಊರಿನ ಸುತ್ತಮುತ್ತಲಿಗೆ ಮೀಸಲಿಡಬೇಕು. ತನ್ನ ನೆಲದ ಕಲ್ಲು, ನೀರು ಗೊತ್ತಿದ್ದವನಿಗೆ ಪರ ಊರಿನದು ಬೇಗ ಅರ್ಥವಾಗುತ್ತದೆ.

ಗಜೇಂದ್ರಗಡದ ಕಾಲಕಾಲೇಶ್ವರನ ಬೆಟ್ಟದ ಬಂಡೆಯನ್ನು ಮಕ್ಕಳು ಕೈಯಿಂದ ಸವರಿ ನೋಡಲಿ. ಒರಟಾದ ಮರಳಿನ ಕಣಗಳು ಬೆರಳಿಗೆ ಸಿಗುತ್ತವೆ. ನೀರು ಹೊತ್ತು ತಂದು ಪದರ ಪದರವಾಗಿ ಕೂರಿಸಿದ ಮರಳೇ ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ಈ ಮರಳುಗಲ್ಲಾಗಿದೆ. ಗೋಕರ್ಣದ ದಂಡೆಯಲ್ಲಿ ಕಾಲ ಕೆಳಗೆ ಜಾರುವ ಮರಳಿಗೂ ತಮ್ಮೂರ ಬೆಟ್ಟಕ್ಕೂ ನಂಟಿದೆ ಎಂದು ತಿಳಿದ ಮಗು ಎರಡನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ.

ಅಲ್ಲಿಂದ ಸೂಡಿಗೆ ಹೋಗಬೇಕು. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮನೆತನದ ಅಕ್ಕಾದೇವಿ ಆಳಿದ ಊರಿದು. ಜೋಡು ಕಳಸದ ಗುಡಿ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ ಇಲ್ಲಿವೆ. ಮಳೆ ಕಡಿಮೆಯಿರುವ ಸೀಮೆಯ ಜನ ನೀರನ್ನು ಎಷ್ಟು ಗೌರವದಿಂದ ಕಲ್ಲಿನಲ್ಲಿ ಕಟ್ಟಿ ಹಿಡಿದರೆಂಬುದಕ್ಕೆ ಈ ಕುಂಡವೇ ಸಾಕ್ಷಿ. ಮುಂದೆ ಗೋಕರ್ಣದ ಕೋಟಿತೀರ್ಥದ ದಡದಲ್ಲಿ ನಿಂತಾಗ ಹೋಲಿಸಿ ನೋಡಲು ಮಕ್ಕಳಿಗೆ ಒಂದು ಅಳತೆ ಸಿಕ್ಕಂತಾಯಿತು.

ನೀರು ಹರಿದ ಜಾಡಿನಲ್ಲಿ

ಗಜೇಂದ್ರಗಡದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಗೋಕರ್ಣಕ್ಕೆ ಹತ್ತಿರ ಹತ್ತಿರ 270 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ದಾರಿಯಲ್ಲಿ ನೋಡುತ್ತ ಹೋಗಿ ಕತ್ತಲೆಗೆ ಮುಂಚೆ ತಲುಪಬಹುದು. ಈ ದಾರಿಯನ್ನು ರಾತ್ರಿ ಕ್ರಮಿಸಿದರೆ ಅರ್ಧ ಪಾಠವನ್ನು ಕಳೆದುಕೊಂಡಂತೆ. ಘಟ್ಟದ ರಸ್ತೆಗೆ ಹಗಲೇ ಕ್ಷೇಮ ಕೂಡ.

ಈ ದಾರಿಯ ವಿಶೇಷವಿರುವುದು ಹುಬ್ಬಳ್ಳಿ, ಧಾರವಾಡದ ಬಳಿ. ಹುಬ್ಬಳ್ಳಿಯ ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ ಸೇರಿ, ನವಲಗುಂದ, ನರಗುಂದ, ರೋಣದ ಎರೆಹೊಲಗಳ ನಡುವೆ ಹರಿದು ಮಲಪ್ರಭೆಯನ್ನು ಕೂಡುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಆದರೆ ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ ಪಶ್ಚಿಮಕ್ಕೆ ಓಡುತ್ತದೆ. ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂಬ ಹೆಸರು ತಳೆದು ಗೋಕರ್ಣದ ಉತ್ತರಕ್ಕೆ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು, ಬಿದ್ದ ಜಾಗ ಸ್ವಲ್ಪ ಆಚೀಚೆಯಾದ ಮಾತ್ರಕ್ಕೆ ಎರಡು ಬೇರೆ ಕಡಲು ಸೇರುತ್ತವೆ. ಜಲವಿಭಜಕ ರೇಖೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಬಸ್ಸಿನಲ್ಲಿ ಕುಳಿತು ದಾಟುವುದೆಂದರೆ ಇದೇ. ಮಾಗೋಡಿಗೆ ಯಲ್ಲಾಪುರದಿಂದ ಒಂದಿಷ್ಟು ಅಡ್ಡಹೋಗಬೇಕು. ಮಧ್ಯಾಹ್ನದ ಬುತ್ತಿಗೆ ಅದೇ ಒಳ್ಳೆಯ ಜಾಗ.

ಕತೆ, ಕುಣಿತ, ಉಪ್ಪು

ಎರಡನೆಯ ದಿನ ಗೋಕರ್ಣಕ್ಕೆ ಮೀಸಲು. ರಾವಣ ಆತ್ಮಲಿಂಗ ತಂದದ್ದು, ಹುಡುಗನ ವೇಷದ ಗಣಪತಿ ಅದನ್ನು ನೆಲಕ್ಕಿಟ್ಟದ್ದು ಎಲ್ಲರೂ ಕೇಳಿದ ಕತೆ. ಈ ಕತೆಯನ್ನು ಒಂದು ಭೂಪಟವಾಗಿಯೂ ಓದಬಹುದು. ಸಿಟ್ಟಿನಿಂದ ರಾವಣ ಕಿತ್ತೆಸೆದ ಭಾಗಗಳು ಬಿದ್ದವೆನ್ನುವ ಸೆಜ್ಜೇಶ್ವರ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರಗಳನ್ನು ಗೋಕರ್ಣದೊಡನೆ ಸೇರಿಸಿ ಗೆರೆ ಎಳೆದರೆ ಕಾರವಾರದಿಂದ ಭಟ್ಕಳದ ಸೀಮೆಯವರೆಗಿನ ಇಡೀ ಕರಾವಳಿ ಮೂಡುತ್ತದೆ. ದೇವಸ್ಥಾನದ ಉಡುಪಿನ ನಿಯಮವನ್ನು ಮೊದಲೇ ವಿಚಾರಿಸಿಕೊಂಡರೆ ಬಾಗಿಲಲ್ಲಿ ಪರದಾಡಬೇಕಿಲ್ಲ.

ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾವೂ ಇಲ್ಲೇ ಹತ್ತಿರ. ಒಂದು ಲೀಟರ್ ಕಡಲ ನೀರನ್ನು ಬಾಟಲಿಯಲ್ಲಿ ಊರಿಗೆ ತಂದು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ತಳದಲ್ಲಿ ಸುಮಾರು 35 ಗ್ರಾಂ ಲವಣ ಉಳಿಯಬೇಕು. ನದಿಯ ಮುಖದ ಬಳಿ ತುಂಬಿದ ನೀರಾದರೆ ಕಡಿಮೆ ಬರುತ್ತದೆ. ಏಕೆ ಎಂಬುದನ್ನು ಮಕ್ಕಳೇ ಹೇಳಲಿ.

ಮೂರನೆಯ ದಿನ ಅಘನಾಶಿನಿಯ ಕಡೆಗೆ. ದಡದ ಮಿರ್ಜಾನ ಕೋಟೆ 16ನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಹೆಣೆದುಕೊಂಡಿದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಸೂಡಿಯ ಅಕ್ಕಾದೇವಿಯನ್ನು ನೋಡಿ ಬಂದ ಹೆಣ್ಣುಮಕ್ಕಳಿಗೆ ಪ್ರವಾಸದ ಎರಡೂ ತುದಿಯಲ್ಲಿ ಒಬ್ಬೊಬ್ಬ ರಾಣಿ ಸಿಕ್ಕಂತಾಯಿತು.

ಕೋಟೆಗಿಂತ ದೊಡ್ಡ ಪಾಠಶಾಲೆ ಅಘನಾಶಿನಿಯ ಅಳಿವೆ. ಸಿಹಿನೀರು, ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ ಇಲ್ಲಿ ಕಾಂಡ್ಲಾ ಗಿಡಗಳು ಬೇರು ಮೇಲೆತ್ತಿ ಉಸಿರಾಡುತ್ತವೆ. ಬಳಚು ಎಂಬ ಚಿಪ್ಪಿಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತವಿದೆ. ಮಲಪ್ರಭಾ ಕಾಲುವೆಯ ನೀರು ಹೆಚ್ಚಾಗಿ ಸವುಳಾದ ಹೊಲವನ್ನು ಕಂಡ ರೈತರ ಮಕ್ಕಳಿಗೆ ಇದು ಬರೀ ಕುತೂಹಲದ ಸಂಗತಿಯಾಗಿ ಉಳಿಯಲಾರದು. ಈ ಅಳಿವೆಯನ್ನೂ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಯನ್ನೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿಸಿದ್ದು 2024ರ ಜನವರಿಯಲ್ಲಿ ಒಟ್ಟಿಗೇ ಪ್ರಕಟವಾಯಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದ ಮಕ್ಕಳು ಅಘನಾಶಿನಿಯನ್ನೂ ನೋಡಲಿ.

ಇಲ್ಲಿ ಇನ್ನೊಂದು ಮಾತಿದೆ. ಕುಡಿಯುವ ನೀರಿಗಾಗಿ 2015ರ ಜುಲೈನಲ್ಲಿ ನರಗುಂದದಲ್ಲಿ ಆರಂಭವಾದ ಮಹದಾಯಿ ಹೋರಾಟವನ್ನು ಕೇಳುತ್ತಲೇ ಅಲ್ಲಿನ ಮಕ್ಕಳು ಬೆಳೆದಿದ್ದಾರೆ. ‘ನೀರು ಸುಮ್ಮನೆ ಸಮುದ್ರ ಸೇರುತ್ತದೆ’ ಎಂಬ ಮಾತು ಅವರಿಗೆ ಬಾಯಿಪಾಠ. ಕೊಡ ಹಿಡಿದು ಕಾಯುವ ತಾಯಂದಿರ ಬವಣೆಯೂ ಅವರ ಕಣ್ಣ ಮುಂದಿನದೇ. ಹಾಗೆ ಸಮುದ್ರ ಸೇರುವ ನದಿ ಸೇರುವ ಜಾಗದಲ್ಲಿ ಏನೇನು ಮಾಡುತ್ತದೆ, ಯಾರ್‍ಯಾರನ್ನು ಸಾಕುತ್ತದೆ ಎಂಬುದನ್ನು ಅವರು ಅಳಿವೆಯ ದಡದಲ್ಲಿ ನಿಂತು ಕಾಣಬೇಕು. ಬಾಯಾರಿದ ಊರಿನ ನ್ಯಾಯ ಇದರಿಂದ ಸಣ್ಣದಾಗುವುದಿಲ್ಲ. ನ್ಯಾಯಕ್ಕೆ ಎರಡು ದಡಗಳಿರುತ್ತವೆ ಎಂಬ ತಿಳಿವಳಿಕೆ ಬರುತ್ತದೆ.

ಸಂಜೆ ಹೊನ್ನಾವರ. ಅಲ್ಲಿನ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಯೂ ಇದೇ ಆಸುಪಾಸಿನದು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆಯಿದೆ. ಮಳೆಗಾಲ ಮುಗಿದ ಮೇಲೆ ಸುತ್ತಲಿನ ಊರುಗಳಲ್ಲಿ ಆಟಗಳು ಶುರುವಾಗಿರುತ್ತವೆ. ಎಲ್ಲಿ, ಯಾವಾಗ ಎಂದು ಮೊದಲೇ ವಿಚಾರಿಸಿ ಒಂದು ಆಟಕ್ಕೆ ಎರಡು ತಾಸಾದರೂ ಕೂರಿಸಬೇಕು. ಊರ ಜಾತ್ರೆಯಲ್ಲಿ ದೊಡ್ಡಾಟ ನೋಡಿದ ಮಕ್ಕಳು ಕಿರೀಟ, ಕುಣಿತ, ಭಾಗವತರ ಪದ ಎಲ್ಲವನ್ನೂ ತಮ್ಮದರ ಜೊತೆ ತೂಗಿ ನೋಡುತ್ತಾರೆ. ಚೆಂಡೆಯ ಸದ್ದಿಗೆ ಬೆಚ್ಚಿ ಎಚ್ಚರವಾದ ಸಣ್ಣವರನ್ನು ಸಂಭಾಳಿಸುವುದಷ್ಟೇ ದೊಡ್ಡವರ ಪಾಲಿನ ಕೆಲಸ.

ಕಡಲು ಕೆರೆಯಲ್ಲ

ಇಷ್ಟೆಲ್ಲದರ ನಡುವೆ ಮಕ್ಕಳ ಜೀವ ಕಾಯುವ ಪಾಠವೊಂದಿದೆ. ಇದನ್ನು ಹೊರಡುವ ಮುನ್ನವೇ ಹೇಳಿಕೊಡಬೇಕು. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಹುಡುಗರಿಗೆ ‘ನನಗ ಈಸು ಬರತೈತಿ’ ಎಂಬ ಧೈರ್ಯವಿರುತ್ತದೆ. ಉಪ್ಪುನೀರು ಸಾಂದ್ರವಾದ್ದರಿಂದ ಕಡಲಲ್ಲಿ ಮೈ ಇನ್ನಷ್ಟು ಹಗುರವೆನಿಸಿ ಆ ಧೈರ್ಯ ಹೆಚ್ಚುತ್ತದೆ. ಆದರೆ ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ, ಹಿಡಿದುಕೊಳ್ಳಲು ಗೋಡೆಯಿರುತ್ತದೆ. ಕಡಲಿಗೆ ಎರಡೂ ಇಲ್ಲ.

ಅಲೆಗಳು ಒಂದರ ಹಿಂದೊಂದು ನೀರನ್ನು ದಂಡೆಗೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಮರಳಿ ಹೋಗಲೇಬೇಕು. ತಳದ ಮರಳಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿ, ಇಕ್ಕಟ್ಟಾದ ಕಾಲುವೆಯ ಹಾಗೆ ಸಮುದ್ರದ ಕಡೆಗೆ ರಭಸದಿಂದ ನುಗ್ಗುತ್ತದೆ. ಇದೇ ಮರುಸೆಳೆತ. ಕೆಲವೊಮ್ಮೆ ಇದರ ವೇಗ ಸೆಕೆಂಡಿಗೆ 2 ಮೀಟರ್ ಮೀರುವುದುಂಟು. ನೂರು ಮೀಟರ್ ಈಜಿನ ವಿಶ್ವದಾಖಲೆ 46 ಸೆಕೆಂಡಿಗೂ ಸ್ವಲ್ಪ ಹೆಚ್ಚು. ಅಂದರೆ ಜಗತ್ತಿನ ಅತಿ ವೇಗದ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ದಡ ಸೇರುವುದು ಕಷ್ಟ.

ಮೋಸವೇನೆಂದರೆ, ಸೆಳೆತವಿರುವ ಜಾಗದಲ್ಲಿ ಎಷ್ಟೋ ಸಲ ಅಲೆ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಕಪ್ಪಗೆ, ಶಾಂತವಾಗಿ ಕಾಣುವ ನೀರು. ಗೊತ್ತಿಲ್ಲದವರು ಅದನ್ನೇ ಸುರಕ್ಷಿತವೆಂದು ಆರಿಸಿಕೊಳ್ಳುತ್ತಾರೆ. ನೀರಿಗಿಳಿಯುವ ಮುನ್ನ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೊರೆ, ಕಸಕಡ್ಡಿ ಯಾವ ಕಡೆ ಸರಿಯುತ್ತಿದೆ ಎಂದು ಮಕ್ಕಳೆಲ್ಲ ನೋಡಬೇಕು.

ಸೆಳೆತಕ್ಕೆ ಸಿಕ್ಕವರು ನೆನಪಿಡಬೇಕಾದದ್ದು ಇಷ್ಟು. ಅದು ಕೆಳಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಡದ ಕಡೆಗೆ ನೇರ ಈಜಿ ದಣಿಯಬಾರದು. ಅಂಗಾತ ತೇಲುತ್ತ ಕೈ ಎತ್ತಿ ಬೀಸಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳ ಜೊತೆ ದಡಕ್ಕೆ ತಿರುಗಬೇಕು. ದಡದಲ್ಲಿದ್ದವರು ಕೈ ಕೈ ಹಿಡಿದು ನೀರಿಗೆ ಧಾವಿಸಬಾರದು. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಪ್ರಸಂಗಗಳು ಹೀಗೇ ಆಗುವುದು. ಹಗ್ಗ, ಚೆಂಡು, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು.

ಜೀವರಕ್ಷಕರಿಲ್ಲದ ತೀರದಲ್ಲಿ, ಕೆಂಪು ಬಾವುಟ ಹಾರುವಲ್ಲಿ, ಸೂರ್ಯ ಮುಳುಗಿದ ಮೇಲೆ ಯಾರೂ ನೀರಿಗಿಳಿಯಬಾರದು. ಈಜು ಬಾರದವರಿಗೆ ಮೊಣಕಾಲೇ ಮಿತಿ. ಇಬ್ಬಿಬ್ಬರ ಜೋಡಿ ಮಾಡಿ, ಅರ್ಧ ತಾಸಿಗೊಮ್ಮೆ ತಲೆ ಎಣಿಸಬೇಕು. ಒದ್ದೆ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಚಪಲ ಬೇಡ. ಉಬ್ಬರ ಚಂದ್ರನಿಂದ, ಅಲೆ ಗಾಳಿಯಿಂದ. ಆದ್ದರಿಂದ ತಿಥಿ ನೋಡಿದರಷ್ಟೇ ಸಾಲದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನೂ ಹೊರಡುವ ಮುನ್ನ ನೋಡಿಕೊಳ್ಳಬೇಕು.

ಬುತ್ತಿ ಮತ್ತು ಲೆಕ್ಕ

ಹೋಗಿಬರುವ ದೂರ, ಅಲ್ಲಿನ ತಿರುಗಾಟ ಸೇರಿ ಸುಮಾರು 700 ಕಿಲೋಮೀಟರ್. ಸಾರಿಗೆ ಸಂಸ್ಥೆಯ ಬಸ್ಸನ್ನು ಒಪ್ಪಂದದ ಮೇಲೆ ಪಡೆದರೆ ಕಿಲೋಮೀಟರಿನ ದರವನ್ನು 700ರಿಂದ ಗುಣಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಖರ್ಚು ತಿಳಿಯುತ್ತದೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಲ್ಲರ ಎದುರು ಮಾಡಿದರೆ ಪಾಲಕರಿಗೂ ಸಂಶಯವಿರುವುದಿಲ್ಲ. ಕುಟುಂಬವಾಗಿ ಹೋಗುವವರಿಗೆ 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ತಾಯಿ, ಹೆಣ್ಣುಮಕ್ಕಳ ಟಿಕೆಟ್ಟಿನ ಭಾರ ಇಳಿದಿದೆ. ಗುರುತಿನ ಚೀಟಿ ಜೊತೆಗಿರಲಿ. ಹುಬ್ಬಳ್ಳಿ ಮತ್ತು ಅಂಕೋಲಾ ನಡುವೆ ರೈಲು ಮಾರ್ಗ ಇನ್ನೂ ಆಗದಿರುವುದರಿಂದ ಬಸ್ಸನ್ನೇ ನಂಬಬೇಕು.

ಊಟದಲ್ಲಿ ನಮ್ಮ ಸೀಮೆಯವರು ಜಾಣರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿ ಎರಡು ಮೂರು ದಿನ ಸುಖವಾಗಿ ಬಾಳುತ್ತವೆ. ಆದರೆ ಕರಾವಳಿಯ ತೇವಕ್ಕೆ ರೊಟ್ಟಿ ಮೆತ್ತಗಾಗುವುದರಿಂದ ಬಿಗಿಯಾದ ಡಬ್ಬಿ ಬೇಕು. ಒಂದೆರಡು ಊಟವಾದರೂ ಅಲ್ಲಿಯದೇ ಇರಲಿ; ಕುಚ್ಚಲಕ್ಕಿಯ ಅನ್ನವನ್ನು ಉಂಡ ಹೊರತು ಅಲ್ಲಿನ ನೆಲ ಪೂರ್ತಿ ತಿಳಿಯುವುದಿಲ್ಲ. ಕುಡಿಯುವ ನೀರು, ಮಕ್ಕಳ ಔಷಧಿ, ಪಾಲಕರ ಫೋನ್ ಸಂಖ್ಯೆಗಳ ಪಟ್ಟಿ ಒಂದೇ ಚೀಲದಲ್ಲಿ, ಒಬ್ಬರದೇ ಜವಾಬ್ದಾರಿಯಲ್ಲಿರಬೇಕು. ಹೊತ್ತೊಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಬೇಕು. ಜೀವಂತ ಚಿಪ್ಪಿಗಳನ್ನು ಅಲ್ಲೇ ಬಿಡಬೇಕು.

ನಾಲ್ಕನೆಯ ದಿನ ಹಗಲಲ್ಲೇ ಘಟ್ಟ ಹತ್ತಿ ಮರಳುವ ಬಸ್ಸಿನಲ್ಲಿ ಪ್ರತಿ ಮಗುವಿನ ಬಳಿ ಮೂರು ವಸ್ತುಗಳಿದ್ದರೆ ಸಾಕು: ಒಂದು ಬಾಟಲಿ ಕಡಲ ನೀರು, ಉಬ್ಬರ ಇಳಿತ ಬರೆದುಕೊಂಡ ಒಂದು ಹಾಳೆ, ಮನೆಯವರಿಗೆ ಹೇಳಲು ಒಂದು ಕತೆ. ಶಂಖದ ಹಾರ ಕೊಂಡರೂ ಅಡ್ಡಿಯಿಲ್ಲ. ಬಸ್ಸು ಊರು ಮುಟ್ಟಿದಾಗ ಹೊರಟಷ್ಟೇ ತಲೆಗಳು ಇಳಿಯುವುದು ಎಲ್ಲಕ್ಕಿಂತ ದೊಡ್ಡ ಲೆಕ್ಕ. ಅದು ತಪ್ಪದಿರಲೆಂದೇ ಉಳಿದೆಲ್ಲ ಲೆಕ್ಕಗಳನ್ನು ಮೊದಲು ಮಾಡಬೇಕು.